ಅರ್ಧ ಬೆರಳು ಉದ್ದದ ಗಜ

ಕಳಕವ್ವ ಮೊದಲ ಸಲ ನನ್ನ ಮೇಜಿನ ಮುಂದೆ ಬಂದು ನಿಂತಾಗ ಅವಳ ಕೈಯಲ್ಲಿ ಒಂದು ಬಿದಿರ ಕೋಲಿತ್ತು. ಹೊಡೆಯಲಿಕ್ಕೇ ಬಂದಿದ್ದಾಳೆ ಅಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

"ಗಜ ಕೊಡ್ರಿ," ಅಂದಳು.

"ಯಾವ ಗಜ?"

"ನಿಮ್ಮ ಗಜ. ನಮ್ಮಪ್ಪನ್ನ ಅಳದ್ರೆಲ್ಲಾ, ಅದ. ಅದರ ಅಳತಿಗೆ ಈ ಕೋಲು ಕಡಕೊಂಡು ಹೋಗಬೇಕು."

ಅದು ೧೯೫೫ರ ಶ್ರಾವಣ. ಗಜೇಂದ್ರಗಡದ ನೇಕಾರರ ಸೊಸೈಟಿಯಲ್ಲಿ ನಾನು ತಪಾಸಣೆಯ ಕಾರಕೂನ. ಹೆಸರು ಪ್ರಭುಲಿಂಗಪ್ಪ, ಊರು ಬೆಳವಣಕಿ. ನಮ್ಮದೂ ನೇಕಾರರ ಮನೆಯೇ, ಆದರೆ ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟು ಹೊಲಕ್ಕಿಳಿದವರು. ನನಗೆ ಮಗ್ಗವೂ ಬರುತ್ತಿರಲಿಲ್ಲ, ನೇಗಿಲೂ ಬರುತ್ತಿರಲಿಲ್ಲ. ಮ್ಯಾಟ್ರಿಕ್ ಪಾಸಾಗಿದ್ದೆ, ಅಷ್ಟೇ. ನೇಕಾರರು ತಂದ ಸೀರೆಗಳನ್ನು ಗಜಕೋಲಿನಿಂದ ಅಳೆದು, ಒಂಬತ್ತು ಗಜ ಸರಿ ಇದ್ದರೆ ಮುದ್ರೆ ಒತ್ತುವುದು ನನ್ನ ಕೆಲಸ.

ಅವಳ ಅಪ್ಪ ದ್ಯಾಮಪ್ಪ. ನಲವತ್ತು ವರ್ಷ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನು. ಆ ವರ್ಷದ ಸಂಕ್ರಾಂತಿ ಆದ ವಾರ ಅವನು ತಂದ ಆರು ಸೀರೆಗಳನ್ನು ನಾನು ಅಳೆದಿದ್ದೆ. ಆರೂ ಸೀರೆ ನಾಲ್ಕೂವರೆ ಬೆರಳು ಗಿಡ್ಡ ಬಂದವು. ಎರಡು ಸಲ ಅಳೆದೆ, ಮೂರು ಸಲ ಅಳೆದೆ. ಸೊಸೈಟಿಯ ರೂಢಿಯಂತೆ ಕಟ್ಟೆಯ ಮೇಲಿನ ಕರಿ ಬೋರ್ಡಿನಲ್ಲಿ ಅವನ ಹೆಸರು ಬರೆದು, ಮುಂದೆ "ಅಳತೆ ಕಡಿಮೆ" ಅಂತ ಬರೆದೆ. ನನ್ನ ಅಕ್ಷರ ಚೆಂದ. ಆ ದಿನ ಅದರ ಬಗ್ಗೆ ಹೆಮ್ಮೆಯೂ ಇತ್ತು.

ದ್ಯಾಮಪ್ಪ ಬೋರ್ಡಿನ ಕಡೆಗೆ ನೋಡಿ, ಸೀರೆ ಗಂಟು ಎತ್ತಿಕೊಂಡು ಹೋದ. ಮತ್ತೆ ಅವನು ಮಗ್ಗಕ್ಕೆ ಕೂಡಲಿಲ್ಲ. ಓಣಿಯವರು ಅವನಿಗೆ ಗಜಗಳ್ಳ ಅಂತ ಹೆಸರಿಟ್ಟರು. ಸೂಡಿಯಲ್ಲಿ ಮಗಳಿಗೆ ಗೊತ್ತುಮಾಡಿದ್ದ ಸಂಬಂಧ ಎಂಟೇ ದಿನದಲ್ಲಿ ಮುರಿದುಬಿತ್ತು. ಉಳಿದ ನೇಕಾರರೆಲ್ಲ ಹೆದರಿ, ಯಾಕೆ ಬೇಕು ರಗಳೆ ಎಂದು ನಾಲ್ಕೈದು ಬೆರಳು ಹೆಚ್ಚೇ ನೇಯ್ದು ತರತೊಡಗಿದರು. ಹೀಗಾಗಿ ಆಮೇಲೆ ಯಾರ ಸೀರೆಯೂ ಕಡಿಮೆ ಬರಲಿಲ್ಲ. ಊರೆಲ್ಲ ಸಾಚಾ, ದ್ಯಾಮಪ್ಪ ಒಬ್ಬ ಕಳ್ಳ ಅಂತಾಯಿತು.

ಈಗ ಅವನ ಮಗಳು ಕೋಲು ಹಿಡಿದು ನಿಂತಿದ್ದಳು. ಇಪ್ಪತ್ತರ ಆಸುಪಾಸು. ಮೂಗುಬೊಟ್ಟು ಬಿಟ್ಟರೆ ಮುಖದ ಮೇಲೆ ಬೇರೆ ಒಡವೆಯಿಲ್ಲ. ಸಿಟ್ಟು ಮಾತ್ರ ಮುಖಕ್ಕೆ ಒಪ್ಪಿತ್ತು.

"ಕೋಲು ಯಾಕ?" ಅಂದೆ.

"ನೇಯಾಕ. ನಾ ಕುಣಿಗೆ ಇಳದೀನಿ."

ಅವರ ಓಣಿಯಲ್ಲಿ ಹೆಂಗಸರು ನೂಲು ಸುತ್ತುತ್ತಿದ್ದರು, ಗಂಜಿ ಹಚ್ಚುತ್ತಿದ್ದರು, ಆದರೆ ಮಗ್ಗದ ಕುಣಿಗೆ ಇಳಿದವರಿರಲಿಲ್ಲ. ಒಳಗೆ ಕೂತಿದ್ದ ಇಬ್ಬರು ಮುದುಕರು ಕೆಮ್ಮಿದರು.

"ಸೊಸೈಟಿಯಿಂದ ನಿಮಗ ನೂಲು ಸಿಗೂದಿಲ್ಲ," ಅಂದೆ.

"ನಿಮ್ಮ ನೂಲು ಯಾರು ಕೇಳ್ಯಾರು? ಬಜಾರದಾಗ ತರ್ತೀನಿ. ನಿಮ್ಮ ಗಜ ಅಷ್ಟ ಸಾಕು. ನಾಳೆ ನನ್ನ ಸೀರಿ ಗಿಡ್ಡ ಅಂತ ಯಾರರೆ ಅಂದ್ರ, ಸೊಸೈಟಿ ಗಜದಾಗ ಅಳದೀನಿ ಅಂತ ಎದಿ ಮುಟ್ಟಿ ಹೇಳತೀನಿ."

ಗಜಕೋಲನ್ನು ಮೇಜಿನ ಮೇಲಿಟ್ಟೆ. ಅವಳು ಬಿದಿರನ್ನು ಅದರ ಮಗ್ಗುಲಿಗೆ ಮಲಗಿಸಿದಳು. ಒಂದು ತುದಿ ನಾನು ಒತ್ತಿ ಹಿಡಿದೆ, ಇನ್ನೊಂದು ತುದಿಗೆ ಅವಳು ಬಾಗಿ ಕುಡುಗೋಲಿನ ಮೊನೆಯಿಂದ ಗುರುತು ಹಾಕಿದಳು. ಅವಳ ಜಡೆ ಹೆಗಲಿನಿಂದ ಜಾರಿ ಮೇಜಿನ ಮೇಲೆ, ಎರಡೂ ಕೋಲುಗಳ ಮೇಲೆ ಬಿತ್ತು. ಅದನ್ನು ಹಿಂದಕ್ಕೆ ಎಸೆದುಕೊಳ್ಳುವಾಗ ಒಂದು ಕ್ಷಣ ನನ್ನನ್ನು ನೋಡಿದಳು.

"ಸರಿ ಹಿಡೀರಿ, ಸಾಹೇಬ್ರ. ಕೋಲು ನೋಡ್ರಿ, ನನ್ನಲ್ಲ."

ಖರೇ ಹೇಳಬೇಕೆಂದರೆ ಆಗಲೇ ನಾನು ಅವಳಿಗೆ ಸೋತುಬಿಟ್ಟಿದ್ದೆ. ಸೂಡಿಯ ಸಂಬಂಧ ಮುರಿದದ್ದು ನೆನಪಾಗಿ ಒಳಗೊಳಗೇ ಖುಷಿಯಾಯಿತು. ಒಬ್ಬರ ಮನೆ ಮುರಿದ ಸುದ್ದಿಗೆ ಖುಷಿಪಟ್ಟವನು ನಾನು, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅವಳ ಮೊದಲ ಮೂರು ಸೀರೆಗಳನ್ನು ಓಣಿಯಲ್ಲಿ ಯಾರೂ ಮುಟ್ಟಲಿಲ್ಲ. ನಾಲ್ಕನೆಯದೂ ಸೇರಿಸಿ ಗಂಟು ಕಟ್ಟಿ, ಬಸ್ಸು ಹತ್ತಿ ರೋಣದ ಸಂತೆಗೆ ಹೋದಳು. ಒಂದು ಗೋಣಿತಟ್ಟು ಹಾಸಿ, ಬಿದಿರ ಗಜವನ್ನು ಮುಂದಿಟ್ಟುಕೊಂಡು ಕೂತಳು. ಕೊಳ್ಳುವವರ ಕಣ್ಣೆದುರೇ ಅಳೆದು ಕೊಡುತ್ತಿದ್ದಳು. ಕೆಂಪು ದಡಿಯ ಹಸಿರು ಸೀರೆ ನಾಲ್ಕೂ ಹೋದವು. ಆರು ತಿಂಗಳೊಳಗೆ ನರಗುಂದದ ಬಟ್ಟೆ ಅಂಗಡಿಯ ಬಾಷಾಸಾಬ ಅವಳ ಸೀರೆಗಳನ್ನು ಮುಂಗಡ ಹೇಳಿ ತರಿಸಿಕೊಳ್ಳತೊಡಗಿದ. ಅವಳು ಪಕ್ಕದ ಓಣಿಯ ಇಬ್ಬರು ಹೆಣ್ಣುಮಕ್ಕಳನ್ನು ಕರೆದು ಮಗ್ಗ ಕಲಿಸಿದಳು.

ಇದೆಲ್ಲ ನನಗೆ ಹೇಗೆ ಗೊತ್ತು? ನಾನು ರೋಣದ ಬಸ್ಸಿನಲ್ಲಿ ಇರುತ್ತಿದ್ದೆ. ಸಂತೆ ದಿನವೇ ನನಗೆ ರೋಣದಲ್ಲಿ ಕಚೇರಿ ಕೆಲಸ ಬೀಳುತ್ತಿತ್ತು, ಅಥವಾ ಬೀಳಿಸಿಕೊಳ್ಳುತ್ತಿದ್ದೆ.

"ರೋಣದಾಗ ನಿಮ್ಮದೇನ ಹೊಲ ಐತೇನ್ರಿ, ಗಜದ ಸಾಹೇಬ್ರ?" ಅಂತ ಒಂದು ದಿನ ಬಸ್ಸಿನಲ್ಲೇ ಕೇಳಿದಳು.

"ಇಲ್ಲ. ಯಾಕ?"

"ವಾರಾ ವಾರಾ ಬರ್ತೀರಿ. ಬೆಳಿ ನೋಡಾಕ ಬಂದಾಂಗ."

ಕಂಡಕ್ಟರ್ ನಕ್ಕ. ನಾನು ಕಿಟಕಿಯ ಹೊರಗೆ ನೋಡಿದೆ. ಹೊರಗೆ ಜೋಳ ನಿಂತಿತ್ತು. ಅವಳು ಗಂಟಿನ ಮೇಲೆ ಗದ್ದವಿಟ್ಟು ನಗು ನುಂಗುತ್ತಿದ್ದದ್ದು ಕಿಟಕಿಯ ಗಾಜಿನಲ್ಲಿ ಕಾಣುತ್ತಿತ್ತು.

ಅವಳ ಮಗ್ಗಕ್ಕೆ ನಂಬರು ಹೊಡೆಯಲು ಮನೆಗೆ ಹೋದದ್ದೂ ನಾನೇ. "ಮಾಲೀಕರ ಹೆಸರು?" ಅಂದೆ. "ಬರೀರಿ, ಕಳಕವ್ವ ದ್ಯಾಮಪ್ಪ," ಅಂದಳು. ಬರೆದುಕೊಂಡು ತಲೆ ಎತ್ತಿದರೆ ದ್ಯಾಮಪ್ಪ ಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದ. ಬೈಯಲಿಲ್ಲ, ಕುಡಿಯಲು ನೀರು ಕೊಡು ಅಂತ ಮಗಳಿಗೆ ಹೇಳಿದ. ಆ ನೀರು ನನಗೆ ಅವತ್ತು ಸರಳವಾಗಿ ಗಂಟಲಿಳಿಯಿತು. ತಪ್ಪು ಮಾಡಿದವನು ಅವನು, ಕ್ಷಮಿಸಿದವನು ನಾನು ಎಂಬ ದೊಡ್ಡಸ್ತಿಕೆಯಲ್ಲಿದ್ದೆ.

ಆ ದೊಡ್ಡಸ್ತಿಕೆ ಇಳಿದದ್ದು ಮರುವರ್ಷ ದೀಪಾವಳಿಯ ಮುಂದೆ, ನರಗುಂದದಲ್ಲಿ.

ಸೊಸೈಟಿಯ ಕೆಲಸಕ್ಕೆ ಹೋಗಿದ್ದೆ. ಅವಳ ಹೆಸರು ಯಾರ ಬಾಯಲ್ಲಾದರೂ ಕೇಳುವ ಆಸೆಗೆ ಬಾಷಾಸಾಬನ ಅಂಗಡಿ ಹೊಕ್ಕೆ. ಅವನು ಹಬ್ಬದ ಗಿರಾಕಿಗಳ ನಡುವೆಯೂ ಚಹಾ ತರಿಸಿದ.

"ಗಜೇಂದ್ರಗಡದ ಆ ತಾಯಿ ಕೈ ಭಾಳ ಧಾರಾಳ ರಿ," ಅಂದ. "ಒಂಬತ್ತ ಗಜ ಅಂತಾಳ, ಕೊಡೂದು ನೋಡ್ರಿ." ಅಂಗಡಿಯ ಕಬ್ಬಿಣದ ಗಜ ತೆಗೆದ. ಸರ್ಕಾರದ ಮುದ್ರೆ ಇದ್ದ ಗಜ. ಕೆಂಪು ದಡಿಯ ಸೀರೆ ಬಿಡಿಸಿ ನನ್ನ ಕಣ್ಣೆದುರು ಅಳೆದ. ಒಂಬತ್ತು ಗಜ ಮುಗಿದ ಮೇಲೆ ನಾಲ್ಕೂವರೆ ಬೆರಳು ಸೀರೆ ಮಿಕ್ಕಿತು. "ನಿರಗಿ ತುಂಬಿ ಬರ್ತಾವ ಅಂತ ಹೆಣ್ಮಕ್ಕಳು ಇದನ್ನ ಕೇಳ್ತಾರ. ಎಲ್ಲಾ ಸೀರಿನೂ ಹಿಂಗ. ಲೆಕ್ಕಾ ಹಾಕಿ ಬಿಟ್ಟಾಂಗ."

ಎಲ್ಲ ಸೀರೆಯೂ ನಾಲ್ಕೂವರೆ ಬೆರಳು. ಗಜಕ್ಕೆ ಅರ್ಧ ಬೆರಳು. ಅವಳ ಬಿದಿರ ಕೋಲಿನ ಒಂದು ತುದಿಯನ್ನು ಒತ್ತಿ ಹಿಡಿದವನು ನಾನು.

ಚಹಾ ಕೈಯಲ್ಲೇ ಆರಿತು. ಆ ಸಂಕ್ರಾಂತಿಯ ಹಿಂದಿನ ವಾರ ಸೊಸೈಟಿಯ ಗಜಕೋಲಿನ ತುದಿಗಳು ಸವೆದಿವೆ ಎಂದು ಬಡಿಗೇರ ಪರಶಪ್ಪನಿಂದ ಎರಡೂ ಕಡೆ ಹಿತ್ತಾಳೆಯ ಟೋಪಿ ಕೂಡಿಸಿದ್ದೆ. ಹಾಗೆ ರಿಪೇರಿ ಮಾಡಿಸಿದ ಗಜವನ್ನು ರೋಣಕ್ಕೆ ಒಯ್ದು, ಸರ್ಕಾರಿ ಗಜಕ್ಕೆ ಹಿಡಿದು ನೋಡಿ ಮುದ್ರೆ ಹಾಕಿಸಿಕೊಂಡು ಬರಬೇಕು. ಹಬ್ಬ ಮುಗಿಸಿ ಹೊರಟ ದಿನ ಬಸ್ಸು ತಪ್ಪಿತು. ನಾಳೆ ಹೋದರಾಯಿತು ಅಂದೆ. ಮರುದಿನ ದ್ಯಾಮಪ್ಪ ಆರು ಸೀರೆ ತಂದ. ಆಮೇಲೆ ಮುದ್ರೆಯ ಮಾತನ್ನೇ ಮರೆತೆ.

ಒಂದು ಬಸ್ಸು ತಪ್ಪಿದ್ದಕ್ಕೆ ಒಬ್ಬ ಮನುಷ್ಯ ಕಳ್ಳನಾದ, ಒಬ್ಬ ಹುಡುಗಿಯ ಮದುವೆ ತಪ್ಪಿತು. ತಪ್ಪಿಸಿದವನು ವಾರವಾರ ಅದೇ ಹುಡುಗಿಯ ಹಿಂದೆ ಅದೇ ಬಸ್ಸು ಹತ್ತುತ್ತಿದ್ದ.

ಊರಿಗೆ ಬಂದು ಗಜಕೋಲನ್ನು ಬಜಾರದ ಅಂಗಡಿಯೊಂದರ ಮುದ್ರೆ ಇದ್ದ ಗಜಕ್ಕೆ ಹಿಡಿದು ನೋಡಿದೆ. ಅನುಮಾನಕ್ಕೆ ಜಾಗವೇ ಇರಲಿಲ್ಲ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅರದಿಂದ ಹಿತ್ತಾಳೆಯನ್ನು ಉಜ್ಜಿ ಉಜ್ಜಿ ಅರ್ಧ ಬೆರಳು ಇಳಿಸಿದೆ. ಪುಡಿಯನ್ನು ಊದಿ ಹಾರಿಸಿದೆ. ಮುಂದೆ ರೋಣಕ್ಕೆ ಒಯ್ದು ಮುದ್ರೆಯನ್ನೂ ಹಾಕಿಸಿದೆ. ಗಜ ಸರಿಯಾಯಿತು. ಯಾರಿಗೂ ಹೇಳಲಿಲ್ಲ.

ಗಜ ಉದ್ದವಾದದ್ದು ನನ್ನ ಆಲಸ್ಯ. ಅದನ್ನು ದೇವರು ಕ್ಷಮಿಸಿದರೂ ಕ್ಷಮಿಸಿಯಾನು. ಗೊತ್ತಾದ ಮೇಲೂ ಮುಚ್ಚಿಟ್ಟದ್ದು ಮಾತ್ರ ಆಲಸ್ಯವಲ್ಲ. ಹೇಳಿದರೆ ನೌಕರಿ ಹೋಗುತ್ತದೆ ಎಂಬ ಹೆದರಿಕೆ ಇತ್ತು. ಅದಕ್ಕಿಂತ ದೊಡ್ಡ ಹೆದರಿಕೆ, ಅವಳು ಮತ್ತೆ ನನ್ನನ್ನು ಗಜದ ಸಾಹೇಬ್ರ ಅಂತ ಕರೆಯುವುದಿಲ್ಲ ಎಂಬುದು.

ಆ ನಂತರ ಒಂದು ದಿನ ಅವರ ಮನೆಗೆ ಹೋದಾಗ ಅವಳು ಅಂಗಳದಲ್ಲಿ ಹೊಸ ಸೀರೆ ಹಿಡಿದು ನಿಂತಿದ್ದಳು.

"ಛಲೋ ಹೊತ್ತಿಗೆ ಬಂದ್ರಿ. ಇದರ ಆ ತುದಿ ಹಿಡೀರಿ. ಒಬ್ಬಾಕಿಗೆ ಮಡಚಾಕ ಬರೂದಿಲ್ಲ."

ಒಂಬತ್ತು ಗಜದ ಸೀರೆ ಮಡಚಲು ಇಬ್ಬರು ಬೇಕು. ತಲಾ ಒಂದು ತುದಿ ಹಿಡಿದು ದೂರ ನಿಂತು, ಜಗ್ಗಿ, ಆಮೇಲೆ ಒಬ್ಬರ ಕಡೆಗೊಬ್ಬರು ನಡೆದು ಬರಬೇಕು. ತುದಿ ಅವಳ ಕೈಗೆ ಕೊಟ್ಟು, ಜೋತುಬಿದ್ದ ಮಡಿಕೆಯನ್ನು ಹಿಡಿದು ಮತ್ತೆ ಹಿಂದೆ ಸರಿಯಬೇಕು. ಪ್ರತಿ ಸಲ ಹಿಂದೆ ಸರಿಯುವ ಜಾಗ ಅರ್ಧವಾಗುತ್ತದೆ. ಮೂರನೆಯ ಸಲ ಹತ್ತಿರ ಬಂದಾಗ ಅವಳ ಬೆರಳು ನನ್ನ ಬೆರಳಿಗೆ ತಾಗಿದವು. ನೂಲಿನ ಗಂಜಿಯ ವಾಸನೆ, ಅವಳು ಮುಡಿದಿದ್ದ ಸೇವಂತಿಗೆಯ ವಾಸನೆ. ಅವಳು ಕೈ ತೆಗೆಯಲಿಲ್ಲ.

"ಸಾಹೇಬ್ರಿಗೆ ಈ ಕೆಲಸಾ ಬರ್ತೈತಿ," ಅಂತ ಮೆಲ್ಲಗೆ ಅಂದಳು.

ಕಟ್ಟೆಯ ಮೇಲೆ ದ್ಯಾಮಪ್ಪ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದ. ನಾನು ಕೈ ಹಿಂದೆಳೆದುಕೊಂಡೆ. ಅವಳ ಮುಖ ಸಣ್ಣಗಾಯಿತು. ನನಗೆ ನಾಚಿಕೆಯೆಂದು ಅವಳು ತಿಳಿದಿರಬೇಕು. ಹೌದು, ನಾಚಿಕೆಯೇ ಆಗಿತ್ತು, ಅವಳು ತಿಳಿದ ನಾಚಿಕೆಯಲ್ಲ.

ಮುಂದಿನ ಫೆಬ್ರುವರಿಯಲ್ಲಿ ಧಾರವಾಡದಿಂದ ಒಬ್ಬ ಆಫೀಸರ್ ಬಂದರು. ಸ್ವಂತ ಉದ್ಯೋಗ ಮಾಡುವ ಹೆಣ್ಣುಮಕ್ಕಳ ಪಟ್ಟಿ ಬೇಕಂತೆ, ಅವರು ಯಾಕೆ ಸುರು ಮಾಡಿದರು ಎಂಬುದೂ ಬೇಕಂತೆ. ಫಾರ್ಮಿನ ನೆತ್ತಿಯ ಮೇಲೆ ಮುಂಬಯಿ ಸರ್ಕಾರ ಅಂತ ಅಚ್ಚಾಗಿತ್ತು. ರಾಜ್ಯ ಬದಲಾಗಿ ಮೂರು ತಿಂಗಳಾಗಿದ್ದರಿಂದ ಅದನ್ನು ಶಾಯಿಯಲ್ಲಿ ಹೊಡೆದು ಮೈಸೂರು ಅಂತ ತಿದ್ದಿದ್ದರು. ಅಕ್ಷರ ಚೆಂದ ಇದೆ ಎಂದು ಕೆಲಸ ನನಗೇ ಬಿತ್ತು.

ಫಾರ್ಮಿನಲ್ಲಿ ಕಾರಣಗಳನ್ನು ಮೊದಲೇ ಅಚ್ಚು ಮಾಡಿದ್ದರು. ಪತಿಯ ಮರಣ. ಬಡತನ. ಕುಲಕಸುಬು. ಇತರರ ಪ್ರೋತ್ಸಾಹ. ಕೊನೆಗೆ, ಇತರೆ. ಒಂದಕ್ಕೆ ಗುರುತು ಹಾಕಿದರೆ ಮುಗಿಯಿತು.

ಆದರೆ ಹೆಂಗಸರು ಗುರುತಿಗೆ ಸಿಗುವವರಲ್ಲ. ಖಾನಾವಳಿ ಇಟ್ಟಿದ್ದ ಮಾನವ್ವ ರೊಟ್ಟಿ ಬಡಿಯುತ್ತಲೇ, "ಗಂಡ ಸತ್ತ, ಹಸಿವಿ ಸಾಯಲಿಲ್ಲ, ಬರಕೋರಿ," ಅಂದಳು. ಸಂಡಿಗೆ ಹಪ್ಪಳ ಮಾರುವ ಸಣ್ಣವ್ವನಿಗೆ ಬಡತನವೇನೂ ಇರಲಿಲ್ಲ. "ಸೊಸಿ ಬಂದ್ಲು. ಅಡಗಿಮನಿ ಆಕಿದಾತು. ನನ್ನ ಕೈ ಸುಮ್ಮನ ಕುಂದ್ರವಲ್ವು," ಅಂದಳು. ಜಮಾಲಸಾಬನ ಹೆಂಡತಿ ಬಳೆ ಅಂಗಡಿಯನ್ನು ತಾನೇ ನಡೆಸುತ್ತಿದ್ದಳು. "ನಮ್ಮವರು ಬಳಿ ಇಡಸಾಕ ಹೋದ್ರ ಅರ್ಧಾ ಒಡೀತಾರ," ಅಂದಳು. ಒಳಗಿನಿಂದ ಜಮಾಲಸಾಬ, "ಖರೇ ಐತ್ರಿ," ಅಂದ.

ನಗುನಗುತ್ತ ಬರೆದುಕೊಂಡೆ. ಕೊನೆಗೆ ಉಳಿದವಳು ಕಳಕವ್ವ. ಅವಳ ಮನೆಗೆ ಹೋಗುವುದನ್ನು ಮೂರು ದಿನ ಮುಂದೂಡಿದ್ದೆ.

ಅವಳು ಮಗ್ಗದ ಕುಣಿಯಲ್ಲಿ ಕೂತಿದ್ದಳು. ಲಾಳಿ ಎಡಕ್ಕೂ ಬಲಕ್ಕೂ ಓಡುತ್ತಿತ್ತು. ನಾನು ಎದುರಿಗೆ ಚಾಪೆಯ ಮೇಲೆ ಕೂತು ಹೆಸರು, ವಯಸ್ಸು, ಮಗ್ಗದ ನಂಬರು ಬರೆದೆ. ಕಾರಣಗಳನ್ನು ಓದಿದೆ. ಅವಳು ಲಾಳಿ ನಿಲ್ಲಿಸಿದಳು.

"ನಾಲ್ಕನೇದ್ದು ಬರೀರಿ."

"ಇತರರ ಪ್ರೋತ್ಸಾಹ?"

"ಹೂಂ."

"ಯಾರು ಇತರರು?"

ಅವಳು ಕೈಯಲ್ಲಿದ್ದ ನೂಲನ್ನು ಬೆರಳಿಗೆ ಸುತ್ತುತ್ತ ನನ್ನನ್ನು ನೋಡಿದಳು. ಆ ನೋಟವನ್ನು ನಾನು ಒಂದೂವರೆ ವರ್ಷದಿಂದ ಕಾದಿದ್ದೆ. ಬಸ್ಸಿನ ಗಾಜಿನಲ್ಲಿ ಅರ್ಧ ಕಂಡಿದ್ದು ಈಗ ಪೂರ್ತಿಯಾಗಿ ನನ್ನ ಕಡೆಗೇ ಇತ್ತು.

"ಊರಾಗಿನ ಎಲ್ಲಾರೂ ನಕ್ಕರು. ಮಗ್ಗುಲಿಗೆ ಕೋಲು ಇಡು ಅಂತ ಜಾಗಾ ಬಿಟ್ಟವ್ರು ನೀವೊಬ್ಬರ. ನಿಮ್ಮ ಹೆಸರ ಬರೀರಿ. ಇಲ್ಲಾಂದ್ರ ನಾನ ಬರೀತೀನಿ, ಸಾಲ್ಯಾಗ ನಾಲ್ಕನೇತ್ತ ಓದೀನಿ."

ಪೆನ್ನು ಕಾಗದದ ಮೇಲಿತ್ತು, ಶಾಯಿ ಒಂದು ಚುಕ್ಕೆಯಾಗಿ ಹರಡುತ್ತಿತ್ತು. ಆ ಜಾಗದಲ್ಲಿ ನನ್ನ ಹೆಸರು ಬರೆಯಲು ನನ್ನ ಕೈ ಒಪ್ಪಲಿಲ್ಲ. ಬೇರೆ ಎಂಥ ಸುಳ್ಳನ್ನಾದರೂ ಬರೆಯುತ್ತಿದ್ದೆನೇನೋ.

"ಕಳಕವ್ವ, ನಿಮ್ಮಪ್ಪನ ಸೀರಿ ಗಿಡ್ಡ ಇರಲಿಲ್ಲ," ಅಂದೆ. "ನನ್ನ ಗಜ ಉದ್ದ ಇತ್ತು."

ಎಲ್ಲವನ್ನೂ ಹೇಳಿದೆ. ಪರಶಪ್ಪನ ಟೋಪಿ, ತಪ್ಪಿದ ಬಸ್ಸು, ಬಾಷಾಸಾಬನ ಅಂಗಡಿ, ಅರ, ಹಿತ್ತಾಳೆಯ ಪುಡಿ. ಸೂಡಿಯ ಸಂಬಂಧ ಮುರಿದಾಗ ನನಗೆ ಖುಷಿಯಾದದ್ದನ್ನೂ ಹೇಳಿದೆ. ಹೇಳುವಾಗ ಅವಳ ಮುಖ ನೋಡಲಿಲ್ಲ, ಅವಳ ಬೆರಳಿನ ನೂಲನ್ನೇ ನೋಡುತ್ತಿದ್ದೆ.

"ಯಾವಾಗ ಗೊತ್ತಾತು?"

"ದೀಪಾವಳಿ ಮುಂದ."

"ನಾಲ್ಕ ತಿಂಗಳಾತು," ಅಂದಳು. "ನಾಲ್ಕ ತಿಂಗಳು ನಮ್ಮನಿ ನೀರು ಕುಡದಿ. ನನ್ನ ಸೀರಿ ಮಡಚಿದಿ."

ಬಾಗಿಲಲ್ಲಿ ನೆರಳಾಯಿತು. ದ್ಯಾಮಪ್ಪ ಯಾವಾಗಲೋ ಬಂದು ನಿಂತಿದ್ದ.

"ಬೈಬ್ಯಾಡ ತಂಗಿ," ಅಂದ. "ನನಗ ಗೊತ್ತಿತ್ತು."

ಇಬ್ಬರೂ ಅವನ ಕಡೆ ತಿರುಗಿದೆವು. ಅವನು ಮೊಣಕೈಯಿಂದ ಬೆರಳ ತುದಿಯವರೆಗೆ ತನ್ನ ಮುಂಗೈ ಚಾಚಿ ತೋರಿಸಿದ. "ನಲವತ್ತ ವರ್ಷ ಈ ಮೊಳದಾಗ ಸೀರಿ ಅಳದೀನಿ. ಹದಿನೆಂಟ ಮೊಳಾ. ನೀ ಆ ಕೋಲು ತಂದ ದಿನಾ ಕೈ ಇಟ್ಟ ನೋಡಿದೆ. ಅರ್ಧ ಬಟ್ಟ ಹೆಚ್ಚಿತ್ತು," ಅಂತ ಬೆರಳಿನ ಅರ್ಧ ಅಗಲ ತೋರಿಸಿದ.

"ಮತ್ತ ಯಾಕ ಹೇಳಲಿಲ್ಲಪ್ಪಾ?"

"ಹೇಳಿದ್ರ ನನ್ನ ಹೆಸರ ಸ್ವಚ್ಛ ಆಕ್ಕಿತ್ತು. ನಾ ಮತ್ತ ಕುಣಿಗೆ ಇಳೀತಿದ್ದೆ, ನೀ ಎದ್ದ ಅಡಗಿಮನಿಗೆ ಹೋಗತಿದ್ದಿ. ನಿನ್ನ ಕೈ ನನ್ನ ಕೈಕಿಂತ ಚಲೋ ಐತಿ. ಅದು ನಿಲ್ಲಬಾರದು ಅನಿಸಿತು."

ನನ್ನ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಆ ಮುದುಕ ಕಳ್ಳ ಎಂಬ ಹೆಸರನ್ನು ಮಗಳಿಗೋಸ್ಕರ ಹೊತ್ತಿದ್ದ. ನಾನು ಸುಮ್ಮನಿದ್ದದ್ದು ನನಗೋಸ್ಕರ.

ಕಳಕವ್ವ ಕುಣಿಯಿಂದ ಎದ್ದಳು. ಮೂಲೆಯಲ್ಲಿದ್ದ ಬಿದಿರ ಗಜವನ್ನು ಎತ್ತಿಕೊಂಡಳು. ಈ ಸಲ ಖಂಡಿತ ಹೊಡೆಯುತ್ತಾಳೆ ಅಂದುಕೊಂಡೆ.

"ಇಬ್ಬರೂ ಶಾಣ್ಯಾರು," ಅಂದಳು. ದನಿ ಒಡೆದಿತ್ತು. "ನನಗೊಬ್ಬಾಕಿಗೆ ಬಿಟ್ಟು ಎಲ್ಲಾರಿಗೂ ಗೊತ್ತಿತ್ತು. ನರಗುಂದದ ಹೆಣ್ಮಕ್ಕಳು ನನ್ನ ಕೈ ಧಾರಾಳ ಅಂತಿದ್ರು. ಬಸ್ಸಿನ್ಯಾಗ ಬರೂಮುಂದ ಅದನ್ನ ನೆನಿಸಿ ನೆನಿಸಿ ಹಿಗ್ಗತಿದ್ದೆ. ಅದೂ ನಂದಲ್ಲ. ಇಂವ ಒಂದು ಬಸ್ ತಪ್ಪಿಸಿಕೊಂಡಿದ್ದಕ್ಕ ಬಂದಿದ್ದು."

ಇದು ನನಗೆ ಹೊಳೆದೇ ಇರಲಿಲ್ಲ. ಅಪ್ಪನ ಹೆಸರು, ಮದುವೆ, ಇಷ್ಟೇ ಕಸಿದುಕೊಂಡೆ ಅಂದುಕೊಂಡಿದ್ದೆ. ಅವಳ ಹಿಗ್ಗನ್ನೂ ಕಸಿದುಕೊಂಡಿದ್ದೆ.

ಅವಳು ಫಾರ್ಮು ಕಿತ್ತುಕೊಂಡು, ಇತರೆ ಎಂಬಲ್ಲಿ ದಪ್ಪ ಅಕ್ಷರದಲ್ಲಿ ಏನೋ ಬರೆದು ನನ್ನ ಮಡಿಲಿಗೆ ಎಸೆದಳು. "ಸೋಮವಾರ ಎಲ್ಲಾರೂ ಸೀರಿ ತರ್ತಾರ. ಅವತ್ತ ಬೋರ್ಡಿಗೆ ಬರಿ. ನಮ್ಮಪ್ಪಂದು ಬರದೆಲ್ಲಾ, ಅಷ್ಟ ಚಂದ ಬರಿ."

ದಾರಿಯಲ್ಲಿ ತೆಗೆದು ನೋಡಿದೆ. "ಅಪ್ಪನ ಮ್ಯಾಲ ಬಂದ ಸುಳ್ಳು ಮಾತು," ಎಂದಿತ್ತು.

ಸೋಮವಾರ ಕಟ್ಟೆ ತುಂಬಿದಾಗ ಕರಿ ಬೋರ್ಡು ಒರೆಸಿದೆ. "ಪ್ರಭುಲಿಂಗಪ್ಪ. ಗಜ ಅರ್ಧ ಬೆರಳು ಉದ್ದ. ದ್ಯಾಮಪ್ಪನವರ ಅಳತೆ ಸರಿ ಇತ್ತು. ಗೊತ್ತಾಗಿ ನಾಲ್ಕು ತಿಂಗಳು ಮುಚ್ಚಿಟ್ಟಿದ್ದೇನೆ." ಬರೆದು, ಓದಲು ಬಾರದವರಿಗೆ ಓದಿಯೂ ಹೇಳಿದೆ. ಆಮೇಲೆ ಬೋರ್ಡಿನ ಮಗ್ಗುಲಲ್ಲೇ ನಿಂತೆ. ಒಳಗೆ ಹೋಗಬೇಕೆನಿಸಿತು, ಹೋಗಲಿಲ್ಲ. ನೇಕಾರರು ಒಬ್ಬೊಬ್ಬರಾಗಿ ಬಂದು ಬೈದರು. ವರ್ಷಗಟ್ಟಲೆ ಹೆಚ್ಚು ನೇಯ್ದು ಕೊಟ್ಟವರು ಅವರು, ಬೈಯಲು ಹಕ್ಕಿತ್ತು. ಸಂಜೆಯವರೆಗೆ ನಿಂತಿದ್ದೆ. ಓಣಿಯ ತಿರುವಿನಲ್ಲಿ ಕೆಂಪು ದಡಿಯ ಹಸಿರು ಸೀರೆಯೊಂದು ಒಂದು ಗಳಿಗೆ ಕಂಡು ಮರೆಯಾಯಿತು.

ನೌಕರಿ ಹೋಯಿತು. ಬೆಳವಣಕಿಗೆ ಹೋಗಿ ಅಣ್ಣನ ಜತೆ ಹೊಲಕ್ಕಿಳಿದೆ. ಕುಂಟೆ ಹಿಡಿದರೆ ಎತ್ತುಗಳೂ ತಿರುಗಿ ನೋಡುತ್ತಿದ್ದವು.

ಯುಗಾದಿ ಕಳೆದ ಮೇಲೆ ಧಾರವಾಡದಿಂದ ನನ್ನ ಹೆಸರಿಗೇ ಒಂದು ಲಕೋಟೆ, ಗಜೇಂದ್ರಗಡದ ಅಂಚೆಯವರು ತಿದ್ದಿದ ವಿಳಾಸದಲ್ಲಿ, ಬಂತು. ಒಳಗೆ ಕಳಕವ್ವನ ಫಾರ್ಮು. ಕೊನೆಯ ಪ್ರಶ್ನೆಗೆ ಉತ್ತರವಿಲ್ಲ, ಕೂಡಲೇ ತುಂಬಿಸಿ ಕಳಿಸಿ ಎಂದು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಬರೆದಿದ್ದರು. ಪ್ರಶ್ನೆ ಹೀಗಿತ್ತು: ಉದ್ಯೋಗವನ್ನು ಮುಂದುವರಿಸುವಿರಾ? ಕಾರಣವೇನು?

ಸೊಸೈಟಿಗೆ ಕಳಿಸಿ ಕೈ ತೊಳೆದುಕೊಳ್ಳಬಹುದಿತ್ತು. ನಾನು ಬಸ್ಸು ಹತ್ತಿದೆ.

ದ್ಯಾಮಪ್ಪನ ಮನೆಯಲ್ಲಿ ಈಗ ಎರಡು ಕುಣಿ. ಹೊಸದರಲ್ಲಿ ಮುದುಕ ಕೂತಿದ್ದ. ನನ್ನನ್ನು ಕಂಡು ತಲೆ ಆಡಿಸಿ ಲಾಳಿ ಎಸೆದ. ಕಳಕವ್ವ ಅಂಗಳದಲ್ಲಿದ್ದಳು, ಕೈಯಲ್ಲಿ ಒಂದು ಕಂದು ಸೀರೆ. ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ಕರ್ರಗಾಗೀರಿ," ಅಂದಳು.

"ಹೊಲಾ."

"ಈಗ ಖರೇನ ಬೆಳಿ ನೋಡಾಕ ಹತ್ತೀರಿ ಅನ್ರಿ. ಹಿಡೀರಿ."

ಸೀರೆಯ ತುದಿ ಎಸೆದಳು. ಹಿಡಿದೆ. ಇಬ್ಬರೂ ದೂರ ಸರಿದು ಜಗ್ಗಿದೆವು. ಮೊದಲ ಸಲ ಹತ್ತಿರ ಬಂದಾಗ ಫಾರ್ಮಿನ ವಿಷಯ ಹೇಳಿದೆ. ಅವಳು ತುದಿ ತೆಗೆದುಕೊಂಡು ಹಿಂದೆ ಸರಿದಳು.

"ಬರಕೋರಿ. ಮುಂದುವರಸತೀನಿ. ಕಾರಣ, ನನಗ ಬರ್ತೈತಿ. ಅಷ್ಟ."

"ಅಷ್ಟ ಬರದ್ರ ಸಾಕ?"

"ಮತ್ತೇನ ಬೇಕ? ಸಿಟ್ಟಿಗೆ ಸುರು ಮಾಡಿದ್ದೆ. ಈಗ ಸಿಟ್ಟಿಲ್ಲ, ಆದ್ರೂ ಮುಂಜಾನೆದ್ದ ಕೂಡಲೆ ಕಾಲು ಕುಣಿ ಕಡೆ ಹೋಗತಾವ."

ಎರಡನೆಯ ಸಲ ನಡೆದು ಬರುವಾಗ ಗೋಡೆಗೆ ಒರಗಿಸಿದ್ದ ಬಿದಿರ ಗಜ ಕಂಡಿತು. ಅದರ ಹೆಚ್ಚಿನ ಅರ್ಧ ಬೆರಳನ್ನು ಅವಳು ಕಡಿದಿರಲಿಲ್ಲ. ನಾನು ನೋಡಿದ್ದನ್ನು ಅವಳೂ ನೋಡಿದಳು.

"ಮೂರು ದಿನಾ ಕುಡಗೋಲು ಹಿಡಕೊಂಡ ಕುಂತಿದ್ದೆ," ಅಂದಳು. "ಆಮ್ಯಾಲ ಬಿಟ್ಟೆ. ಮೊದಲ ಗೊತ್ತಿಲ್ಲದ ಕೊಟ್ಟೆ. ಈಗ ತಿಳದ ಕೊಡತೀನಿ. ಈಗರೆ ಆ ಧಾರಾಳ ನಂದ ಆಕ್ಕೈತೆಲ್ಲಾ."

"ನನ್ನ ತಪ್ಪು ಹೋಗೂದಿಲ್ಲ ಕಳಕವ್ವ. ಹೊಲದಾಗ ಕುಂತ್ರೂ ನಿಂತ್ರೂ ಅದ ನೆನಪಾಗತೈತಿ."

"ಹೋಗಬಾರ್ದು. ಇರಲಿ. ಅರ್ಧ ಬಟ್ಟಿಂದ ಎಷ್ಟ ಆಕ್ಕೈತಿ ಅಂತ ನಮ್ಮಿಬ್ಬರೊಳಗ ಒಬ್ಬರಿಗರೆ ನೆನಪಿರಲಿ."

ನಮ್ಮಿಬ್ಬರೊಳಗೆ ಎಂಬ ಮಾತನ್ನು ಅವಳು ಸಹಜವಾಗಿ ಆಡಿ ಮುಂದೆ ಹೋಗಿದ್ದಳು. ನಾನು ಅಲ್ಲೇ ನಿಂತಿದ್ದೆ, ಸೀರೆ ಸಡಿಲವಾಗಿ ನೆಲಕ್ಕೆ ತಾಗುವುದರಲ್ಲಿತ್ತು.

"ಜಗ್ಗಿ ಹಿಡೀರಿ," ಅಂದಳು.

ಮೂರನೆಯ ಸಲ ಹತ್ತಿರ ಬಂದೆವು. ಅವಳ ಬೆರಳುಗಳು ಸೀರೆಯ ಕೆಳಗೆ ನನ್ನ ಬೆರಳುಗಳನ್ನು ಹುಡುಕಿ ಹಿಡಿದವು. ಕುಂಟೆ ಹಿಡಿದು ಬೊಬ್ಬೆ ಎದ್ದಿದ್ದ ಜಾಗವನ್ನು ಹೆಬ್ಬೆರಳಿನಿಂದ ಸವರಿದಳು. ಒಳಗೆ ಲಾಳಿಯ ಸದ್ದು ನಿಂತಿತು.

"ನನ್ನ ಕಡೆ ನೌಕರಿ ಇಲ್ಲ," ಅಂದೆ.

"ನಾ ಏನು ನೌಕರಿ ಕೇಳಿಲ್ಲ. ಬಾಷಾಸಾಬಗ ತಿಂಗಳಿಗೆ ಮೂವತ್ತ ಸೀರಿ ಬೇಕಂತ. ಮಡಚಾಕ ಒಬ್ಬರು ಬೇಕಾಗ್ಯಾರ."

"ಸೂಡಿಯವರು ತಿರುಗಿ ಬರಲಿಲ್ಲೇನು?"

ಅವಳು ತಲೆ ಎತ್ತಿ ನೋಡಿದಳು. ಕಣ್ಣು ತುಂಬಿದ್ದವು, ತುಟಿಯ ಮೂಲೆಯಲ್ಲಿ ಬಸ್ಸಿನ ಗಾಜಿನಲ್ಲಿ ಕಂಡಿದ್ದ ಆ ನಗುವಿತ್ತು.

"ಅಂವ ಅಪ್ಪನ ಹೆಸರಿದ್ದ ಬೋರ್ಡ ಓದಿ ಓಡಿ ಹ್ವಾದ," ಅಂದಳು. "ನೀವು ಬೋರ್ಡ ಬರದು ಸಂಜಿತನಕಾ ಅಲ್ಲೇ ನಿಂತಿದ್ರಿ. ನಾ ನೋಡೀನಿ."

ಸೀರೆ ಮಡಚಿ ಮುಗಿದಿತ್ತು. ಕೈ ಬಿಡುವ ಕೆಲಸ ಮಾತ್ರ ಉಳಿದಿತ್ತು, ಅದನ್ನು ಇಬ್ಬರೂ ಮಾಡಲಿಲ್ಲ. ಒಳಗೆ ದ್ಯಾಮಪ್ಪ ಒಂದು ಸಲ ಕೆಮ್ಮಿದ. ಆಮೇಲೆ ಅವನ ಲಾಳಿ ಮತ್ತೆ ಓಡತೊಡಗಿತು.